ಬನ್ಸ್, ಬಾಜಿ, ಪಾರ್ಸಲ್: ಶಿರಸಿ ಸೀಮೆಯ ಸಣ್ಣ ಹೋಟೆಲಿಗೊಂದು ಕೈಪಿಡಿ

ಶಿರಸಿಯ ಸಣ್ಣ ಹೋಟೆಲಿನಲ್ಲಿ ಚೆನ್ನಾಗಿ ತಿನ್ನಬೇಕೆಂದರೆ ಮೊದಲು ಬೋರ್ಡು ಓದುವುದನ್ನು ಬಿಡಬೇಕು. ಗೋಡೆಯ ಪಟ್ಟಿಯಲ್ಲಿ ಇಪ್ಪತ್ತು ತಿಂಡಿಗಳ ಹೆಸರಿರಬಹುದು. ಆ ಗಳಿಗೆಯಲ್ಲಿ ತಿನ್ನಲು ಲಾಯಕ್ಕಾದವು ಎರಡೋ ಮೂರೋ ಮಾತ್ರ. ಅವು ಯಾವವು ಅಂತ ಬೋರ್ಡಿಗೆ ಗೊತ್ತಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರಿಗೆ ಗೊತ್ತು, ಒಳಗೆ ಬಾಣಲೆಯ ಮುಂದೆ ನಿಂತವನಿಗೆ ಇನ್ನೂ ಚೆನ್ನಾಗಿ ಗೊತ್ತು. ಆದ್ದರಿಂದ ಹೊಸಬರು ಕೇಳಬೇಕಾದ ಪ್ರಶ್ನೆ "ಎಂತ ಉಂಟು?" ಎಂಬುದಲ್ಲ. ಅದನ್ನು ಕೇಳಿದರೆ ಮಾಣಿ ಒಂದೇ ಉಸಿರಿನಲ್ಲಿ ಇಡೀ ಪಟ್ಟಿ ಒಪ್ಪಿಸಿ ಮುಂದಿನ ಟೇಬಲ್ಲಿಗೆ ಹೋಗಿಬಿಡುತ್ತಾನೆ. "ಬಿಸಿ ಎಂತ ಉಂಟು?" ಎನ್ನಿ. ಆಗ ಅವನು ಒಮ್ಮೆ ಅಡುಗೆಮನೆಯ ಕಡೆ ಕತ್ತು ತಿರುಗಿಸುತ್ತಾನೆ. ಆ ನೋಟದಲ್ಲಿ ನಿಮ್ಮ ತಿಂಡಿ ತೀರ್ಮಾನವಾಗುತ್ತದೆ.

ನಾನು ಹೇಳುತ್ತಿರುವುದು ಎಂಥ ಹೋಟೆಲು ಎಂಬುದನ್ನು ಸ್ಪಷ್ಟಪಡಿಸಬೇಕು. ನಾಲ್ಕೈದು ಟೇಬಲ್ಲು, ಮುಂದೆ ಗಾಜಿನ ಕಪಾಟು, ಅದರ ಪಕ್ಕ ಪಾರ್ಸಲ್ಲಿಗೆ ಕಾದು ನಿಂತ ಜನ, ಒಳಗೊಂದು ಹೊಗೆ ಹಿಡಿದ ಅಡುಗೆಮನೆ. ಕೂತು ತಿನ್ನುವವರಷ್ಟೇ ಮಂದಿ ಕಟ್ಟಿಸಿಕೊಂಡು ಹೋಗುವವರು. ಬಸ್ ನಿಲ್ದಾಣದ ಸುತ್ತ, ದೇವಿಕೆರೆಯ ಆಸುಪಾಸು, ಮಾರಿಗುಡಿಯ ದಾರಿಯಲ್ಲಿ, ಅಡಿಕೆ ಮಾರುಕಟ್ಟೆಯ ಹತ್ತಿರ ಇಂಥವು ಸಿಗುತ್ತವೆ. ಸಿದ್ದಾಪುರ, ಯಲ್ಲಾಪುರಗಳಲ್ಲೂ ಇದೇ ಜಾತಿಯವು ಇವೆ. ಹೋಟೆಲುಗಳ ಹೆಸರನ್ನು ಬೇಕೆಂದೇ ಹೇಳುವುದಿಲ್ಲ. ಅಡುಗೆಯವರು ಬದಲಾಗುತ್ತಾರೆ, ಹೆಸರು ಹಾಗೇ ಇರುತ್ತದೆ. ಲಕ್ಷಣ ಹಿಡಿದು ಹುಡುಕುವುದೇ ಕ್ಷೇಮ.

ಮುಖ್ಯ ಲಕ್ಷಣ ಗದ್ದಲ. ಅಗ್ಗದ ಹೋಟೆಲಿನಲ್ಲಿ ರುಚಿಯನ್ನು ಕಾಪಾಡುವುದು ಗಿರಾಕಿಗಳ ನೂಕುನುಗ್ಗಲು. ಕಪಾಟಿನಲ್ಲಿಟ್ಟದ್ದು ಹತ್ತು ನಿಮಿಷದೊಳಗೆ ಖಾಲಿಯಾದರೆ ಮತ್ತೆ ಕರಿಯಲೇಬೇಕು, ಮತ್ತೆ ಬೇಯಿಸಲೇಬೇಕು. ಜನವಿಲ್ಲದ ಹೋಟೆಲಿನಲ್ಲಿ ಎಂಥ ನಿಪುಣನಿದ್ದರೂ ಅವನ ಬನ್ಸ್ ಗಾಜಿನ ಹಿಂದೆ ಕೂತು ಮುದುಡುತ್ತದೆ. ಆರಾಮಾಗಿ ಕೂರಲು ಜಾಗ ಸಿಕ್ಕಿತೆಂದು ಹಿಗ್ಗುವವರು ಇದನ್ನು ನೆನಪಿಡಬೇಕು.

ಈ ನಿಯಮ ನಮ್ಮೂರಿನದೊಂದೇ ಅಲ್ಲ. ದಕ್ಷಿಣ ಚೀನಾದ ಗುವಾಂಗ್‌ಝೌ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಡಿಮ್ ಸಮ್ ಎಂಬ ಪದ್ಧತಿಯಿದೆ. ಬೆಳಗಿನ ಚಹಾದ ಜೊತೆ ಮೂರು ನಾಲ್ಕು ತುಣುಕಿನ ಸಣ್ಣ ಸಣ್ಣ ತಿಂಡಿಗಳು, ಹೆಚ್ಚಿನವು ಬಿದಿರಿನ ಬುಟ್ಟಿಯಲ್ಲಿ ಹಬೆಗೆ ಬೆಂದವು, ಕೆಲವು ಕರಿದವು. ಅಲ್ಲಿನ ಅಗ್ಗದ ಪಾರ್ಸಲ್ ಅಂಗಡಿಯಲ್ಲೂ ಬಲ್ಲವರು ಯಾವ ಬುಟ್ಟಿಯಿಂದ ಹಬೆ ಏಳುತ್ತಿದೆ ಎಂದು ನೋಡಿಯೇ ಬೆರಳು ತೋರಿಸುತ್ತಾರೆ. ಅದರ ದಾಯಾದಿಯನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟನ್ನರ ವಸತಿ ನೆಲೆಯಾದ ಮೇಲೆ ಮೊಮೊ ನಮ್ಮ ಜಿಲ್ಲೆಯ ತಿಂಡಿಯೂ ಆಯಿತು. ಅಲ್ಲಿನ ಬೌದ್ಧ ಮಠಗಳನ್ನು ನೋಡಲು ಹೋದವರು ಮೊಮೊ ತಿನ್ನದೆ ಬರುವುದು ಅಪರೂಪ. ಮೊಮೊಗೂ ಅದೇ ಮಾತು: ಹಬೆಯಿಂದ ಇಳಿದ ಕೂಡಲೇ ತಿನ್ನಬೇಕು, ಆರಿದರೆ ಮೈದಾದ ಹೊದಿಕೆ ರಬ್ಬರಾಗುತ್ತದೆ.

ಇನ್ನು ನಮ್ಮ ಕಪಾಟಿಗೆ ಬರೋಣ. ಹೊರಗಿನಿಂದ ಬಂದವರಿಗೆ ಅಲ್ಲಿನ ಕಲಸುಮೇಲೋಗರ ವಿಚಿತ್ರವಾಗಿ ಕಾಣುತ್ತದೆ. ಇಡ್ಲಿಯ ಪಕ್ಕ ಮಿಸಳ್, ಬನ್ಸಿನ ಪಕ್ಕ ಶೀರಾ, ಮಿರ್ಚಿಯ ಪಕ್ಕ ಗೋಳಿಬಜೆ, ಕುಡಿಯಲು ಕಷಾಯ. ಇದಕ್ಕೆ ಚರಿತ್ರೆಯೂ ಭೂಗೋಳವೂ ಕಾರಣ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲ್ಲೇ ಇತ್ತು. ಮಿಸಳ್, ಪಾವ್, ಶೀರಾಗಳ ನಂಟು ಆ ಕಡೆಯದು. ಬನ್ಸು, ಗೋಳಿಬಜೆ ಕರಾವಳಿಯವು, ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಹತ್ತಿ ಬಂದಂಥವು. ಮಿರ್ಚಿ, ಗಿರಮಿಟ್ಟು ಹುಬ್ಬಳ್ಳಿಯ ಕಡೆಯವು. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಮೇಲಿರುವ ಯಲ್ಲಾಪುರದಲ್ಲಿ ಲಾರಿಯವರೂ ಬಸ್ಸಿನವರೂ ಇಳಿದು ತಿನ್ನುವುದರಿಂದ ಖಾರದ ಕೈ ಸ್ವಲ್ಪ ಮುಂದು. ಸಿದ್ದಾಪುರ ಸಾಗರ, ಜೋಗದ ಕಡೆಗೆ ಮುಖ ಮಾಡಿದ ಊರು. ಅಲ್ಲಿನ ತಿಂಡಿಯಲ್ಲಿ ಮಲೆನಾಡಿನ ಮೆದು ಹೆಚ್ಚು. ಶಿರಸಿ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ.

ಹೊತ್ತು ತಿಳಿಯುವುದು ಅರ್ಧ ರಸಿಕತೆ. ಬೆಳಗಿನ ಮೊದಲ ಬಸ್ಸುಗಳ ಸಮಯಕ್ಕೆ ಇಡ್ಲಿ. ಇಲ್ಲಿನ ಇಡ್ಲಿಗೆ ಅಕ್ಕಿಯ ತರಿ ಹಾಕುವುದು ರೂಢಿ, ಆದ್ದರಿಂದ ಬೆಂಗಳೂರಿನ ನಯವಾದ ಇಡ್ಲಿಯನ್ನು ನಿರೀಕ್ಷಿಸಬೇಡಿ. ಬೆರಳಿನಿಂದ ಮುರಿದಾಗ ತರಿತರಿಯಾಗಿ ಬಿಡಿಸಿಕೊಳ್ಳಬೇಕು, ಹಿಟ್ಟಿನಂತೆ ಮೆತ್ತಿಕೊಳ್ಳಬಾರದು. ಮಳೆಗಾಲದ ಥಂಡಿಯಲ್ಲಿ ಹಿಟ್ಟು ಹುದುಗುವುದು ನಿಧಾನ. ಜುಲೈ ತಿಂಗಳಲ್ಲೂ ಹುಳಿ ಸರಿಯಾಗಿ ಬಂದಿದ್ದರೆ ಆ ಅಡುಗೆಯವರಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿ. ಇಡ್ಲಿಯ ಬೆನ್ನಿನ ಮೇಲೆ ಬಟ್ಟೆಯ ನೇಯ್ಗೆಯ ಗುರುತಿದೆಯೇ ಎಂದೂ ನೋಡಿ. 2025ರ ಫೆಬ್ರುವರಿಯಲ್ಲಿ ರಾಜ್ಯದ ಹಲವು ಹೋಟೆಲುಗಳು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ತಪಾಸಣೆಯಲ್ಲಿ ಗೊತ್ತಾಗಿ ಸರಕಾರ ಅದನ್ನು ನಿಷೇಧಿಸಿತು. ತೀರ ನುಣುಪಾಗಿ ಮಿನುಗುವ ಇಡ್ಲಿ ಕಂಡರೆ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಏಳೂವರೆ ಎಂಟರ ನಂತರ ಬನ್ಸಿನ ಕಾಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಹೋಟೆಲುಗಳ ಯೋಗ್ಯತೆ ಅಳೆಯಲು ಬನ್ಸಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪೂರ್ತಿ ಕಳಿತ ಬಾಳೆಹಣ್ಣನ್ನು ಸಕ್ಕರೆಯ ಜೊತೆ ಕಿವುಚಿ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಸೇರಿಸಿ ಮೈದಾದಲ್ಲಿ ಕಲಸಿ ರಾತ್ರಿಯಿಡೀ ಇಟ್ಟ ಹಿಟ್ಟು ಅದು. ಬೆಳಿಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಡುತ್ತಾರೆ. ಹಣ್ಣು ಕಡಿಮೆ ಕಳಿತಿದ್ದರೆ ಪರಿಮಳ ಬರುವುದಿಲ್ಲ. ಸೋಡಾ ಹೆಚ್ಚಾದರೆ ಎಣ್ಣೆ ಕುಡಿಯುತ್ತದೆ, ಬಾಯಲ್ಲಿ ಸಾಬೂನಿನ ವಾಸನೆ ಉಳಿಯುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಉಬ್ಬುವುದಿಲ್ಲ, ಹೆಚ್ಚು ಕಾದರೆ ಸಕ್ಕರೆ ಹೊತ್ತಿ ಹೊರಮೈ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ.

ಒಳ್ಳೆಯ ಬನ್ಸ್ ತಟ್ಟೆಗೆ ಬಂದಾಗ ಬೆಲ್ಲದ ಬಣ್ಣದಲ್ಲಿರುತ್ತದೆ. ಮುರಿಯಿರಿ. ಮೇಲಿನ ಪದರ ತೆಳ್ಳಗೆ, ಒಳಗೆ ಬಲೆಬಲೆಯಾಗಿ ಎಳೆಯಾಗಿರಬೇಕು. ಪೂರಿಯಂತೆ ಪೂರ್ತಿ ಟೊಳ್ಳಾದರೆ ಅದು ಬನ್ಸ್ ಅಲ್ಲ. ಮೊದಲ ತುಣುಕನ್ನು ಏನೂ ಹಚ್ಚದೆ ಹಾಗೇ ತಿನ್ನಿ: ಜೀರಿಗೆ ಮುಂದೆ ಬರಬೇಕು, ಬಾಳೆಹಣ್ಣು ಹಿಂದಿನಿಂದ, ಸಿಹಿ ಕೊನೆಗೆ. ಎರಡನೆಯ ತುಣುಕಿಗೆ ಬಾಜಿ. ನೆನೆಸಿದ ಒಣ ಬಟಾಣಿಯನ್ನು ಬೇಯಿಸಿ ಕಾಯಿಮಸಾಲೆ ಹಾಕಿದ ತಿಳಿಗಂದು ಸಾರಿನಂಥ ಪಲ್ಯ ಅದು. ಬನ್ಸಿನ ಸಿಹಿಯನ್ನು ತಡೆದು ನಿಲ್ಲಿಸುವಷ್ಟು ಖಾರ ಅದಕ್ಕೆ ಬೇಕು. ಕರಾವಳಿಯಲ್ಲಿ ಚಟ್ನಿ ಸಾಂಬಾರಿನ ಜೊತೆ ತಿನ್ನುವವರು ಬಹಳ ಮಂದಿ; ನನ್ನ ಪ್ರಕಾರ ಬನ್ಸಿಗೆ ಬಾಜಿಯೇ ಸರಿ, ಚಟ್ನಿ ಇಡ್ಲಿಗೆ ಇರಲಿ. ಇಡೀ ಬನ್ಸನ್ನು ಬಾಜಿಯಲ್ಲಿ ಮುಳುಗಿಸಿ ಕಾಯುವವರನ್ನು ನೋಡಿದ್ದೇನೆ. ಅವರಿಗೆ ಏನು ಹೇಳುವುದೂ ವ್ಯರ್ಥ.

ಹತ್ತು ಗಂಟೆಯ ಮೇಲೆ ಬನ್ಸ್ ಕೇಳಬೇಡಿ. ಆಗ ಮಿಸಳ್ ಕೇಳಿ, ಅಥವಾ ಒಗ್ಗರಣೆ ಅವಲಕ್ಕಿ ತರಿಸಿ ಮೇಲೆ ಮೊಸರು ಹಾಕಿಸಿಕೊಳ್ಳಿ. ಮಿಸಳ್ ಎಂದರೆ ಅದೇ ಬಾಜಿಯ ಮೇಲೆ ಖಾರದ ಸೇವು, ಮಿಕ್ಸ್ಚರು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಲಿಂಬೆ. ತಟ್ಟೆ ಬಂದಮೇಲೆ ಮೊಬೈಲು ತೆಗೆಯಬೇಡಿ. ಸೇವು ಗರಿಗರಿಯಾಗಿರುವುದು ಮೂರು ನಿಮಿಷ. ಮಧ್ಯಾಹ್ನದ ಊಟ ಬೇರೆಯೇ ವಿಷಯ. ನಾಲ್ಕರ ನಂತರ ಬಾಣಲೆ ಮತ್ತೆ ಏರುತ್ತದೆ, ಗೋಳಿಬಜೆ, ಮಿರ್ಚಿ, ಬಟಾಟೆ ಬೋಂಡಾ. ಹೊರಗೆ ಮಳೆ ಹೊಯ್ಯುತ್ತಿದ್ದರೆ ಈ ಹೊತ್ತಿನ ಸಾಲು ರಸ್ತೆಯವರೆಗೂ ಬರುತ್ತದೆ. ಜೊತೆಗೆ ಕಷಾಯ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸುಗಳನ್ನು ಹುರಿದು ಪುಡಿ ಮಾಡಿ, ಹಾಲು ಬೆಲ್ಲದಲ್ಲಿ ಕುದಿಸಿದ್ದು. ಚಹಾ ಎಲ್ಲ ಊರಿನಲ್ಲೂ ಸಿಗುತ್ತದೆ, ಇಲ್ಲಿ ಬಂದಾಗ ಕಷಾಯವನ್ನೇ ಕುಡಿಯಿರಿ. ಇಬ್ಬರಿದ್ದರೆ ಬೈಟು ಕೇಳಲು ನಾಚಿಕೆ ಬೇಡ.

ಪಾರ್ಸಲ್ಲಿನ ಮಾತು ಬೇರೆ. ಪಾರ್ಸಲ್ ಎಂದರೆ ಅದೇ ತಿಂಡಿಯನ್ನು ಮನೆಗೆ ಒಯ್ಯುವುದು ಎಂದು ತಿಳಿದವರು ನಿರಾಶರಾಗುತ್ತಾರೆ. ಕಟ್ಟಿದ ಗಳಿಗೆಯಿಂದ ಅದು ಬೇರೆ ತಿಂಡಿ. ಬಿಸಿ ಇಡ್ಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಅದರ ಹಬೆಯೇ ನೀರಾಗಿ ಅದರ ಮೇಲೇ ಸುರಿಯುತ್ತದೆ. ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಮೇಲೆ ಕಾಗದ ಹಾಕಿ ದಾರ ಬಿಗಿದರೆ ಹೆಚ್ಚಿನ ಹಬೆ ಮಡಿಕೆಗಳ ಸಂದಿನಿಂದ ಹೊರಗೆ ಹೋಗುತ್ತದೆ, ಎಲೆಯ ಕಂಪು ಒಳಗೆ ಇಳಿಯುತ್ತದೆ. ಅರ್ಧ ಗಂಟೆಯ ಮೇಲೆ ಬಿಚ್ಚಿದ ಎಲೆಯ ಇಡ್ಲಿ ಹೋಟೆಲಿನ ಇಡ್ಲಿಗಿಂತ ಒಂದು ಕೈ ಮೇಲೆಂದು ನಾನು ವಾದಿಸಬಲ್ಲೆ. ಎಲೆಯ ಮೇಲಿನ ಕಾಗದ ಹಳೆಯ ಪತ್ರಿಕೆಯಾಗಿದ್ದರೆ ತಿಂಡಿಗೆ ತಾಗದಂತೆ ನೋಡಿ. ಪತ್ರಿಕೆಯ ಶಾಯಿ ಆಹಾರಕ್ಕೆ ತಗಲುವುದು ಅಪಾಯ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ.

ಬನ್ಸ್ ಕಟ್ಟಿಸುವಾಗ ಬಾಯಿ ಬಿಗಿಸಬೇಡಿ, ಉಸಿರಾಡಲು ಬಿಡಿ. ತಣಿದ ಬನ್ಸಿಗೂ ತನ್ನದೇ ರುಚಿಯಿದೆ, ಮರುದಿನ ಬೆಳಿಗ್ಗೆ ಚಹಾದ ಜೊತೆ ತಿನ್ನುವವರೂ ಇದ್ದಾರೆ. ಮಿಸಳ್ ಕಟ್ಟಿಸಿದರೆ ಸೇವು ಬೇರೆ, ಬಾಜಿ ಬೇರೆ, ಈರುಳ್ಳಿ ಬೇರೆ ಎಂದು ಮೊದಲೇ ಹೇಳಿ. ಗೋಳಿಬಜೆಯನ್ನು ಮಾತ್ರ ಪಾರ್ಸಲ್ ಮಾಡಿಸಲೇಬೇಡಿ. ಮನೆ ಮುಟ್ಟುವ ಹೊತ್ತಿಗೆ ಅದು ಸೋತಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಹಬೆಯ ಅಡುಗೆಯಲ್ಲಿ ಈ ಸೀಮೆಯ ನಿಜವಾದ ಸಂಪತ್ತು ಹೋಟೆಲಿನಲ್ಲಿ ಇಲ್ಲ, ಮನೆಗಳಲ್ಲಿದೆ. ಅರಿಶಿನ ಎಲೆಯಲ್ಲಿ ಕಾಯಿಬೆಲ್ಲ ತುಂಬಿ ಮಡಚಿ ಬೇಯಿಸುವ ನಾಗರಪಂಚಮಿಯ ಕಡುಬು, ಹಲಸಿನ ಎಲೆಯ ಕೊಟ್ಟೆಯಲ್ಲಿ ಹುಯ್ದ ಕಡುಬು, ಹಲಸಿನ ಹಣ್ಣಿನ ಕಡುಬು, ಸೌತೆಕಾಯಿ ಕಡುಬು, ಕೆಸುವಿನೆಲೆಯ ಪತ್ರೊಡೆ. ಚೀನೀ ಬಿದಿರಿನ ಬುಟ್ಟಿಗೆ ಸರಿಸಾಟಿಯಾಗಿ ನಿಲ್ಲುವ ಸಾಲು ಇದು. ಹೋಟೆಲಿನವರು ಇದನ್ನು ಯಾಕೆ ಮಾಡುವುದಿಲ್ಲ ಎಂಬುದಕ್ಕೆ ಲೆಕ್ಕ ಸರಳ: ಕೊಟ್ಟೆ ಕಟ್ಟಲು ಕೈ ಬೇಕು, ಎಲೆ ಆರಿಸಲು ಹೊತ್ತು ಬೇಕು, ಹಲಸು ವರ್ಷಪೂರ್ತಿ ಸಿಗುವುದಿಲ್ಲ, ಬನ್ಸಿನ ದರದಲ್ಲಿ ಕೊಡಲು ಕಟ್ಟುವುದಿಲ್ಲ. ಆದರೂ ಸಂಜೆಯಾದರೆ ಗೋಬಿ ಮಂಚೂರಿಯ ಗಾಡಿಯ ಮುಂದೆ ಮುಗಿಬೀಳುವ ಊರು ಕಡುಬಿಗೆ ಎರಡು ರೂಪಾಯಿ ಹೆಚ್ಚು ಕೊಡಲಾರದೇ ಎಂದು ಅನ್ನಿಸುತ್ತದೆ. ಆ ಗೋಬಿಯ ಕೆಂಪಿನಲ್ಲಿ ಕೃತಕ ಬಣ್ಣವಿದೆಯೆಂದು 2024ರ ಮಾರ್ಚ್‌ನಲ್ಲಿ ಸರಕಾರವೇ ತಡೆ ಹಾಕಬೇಕಾಯಿತು. ಅರಿಶಿನ ಎಲೆಗೆ ಅಂಥ ತಡೆ ಬೇಕಾಗಿಲ್ಲ.

ಕೆಲವು ರಿವಾಜುಗಳು. ಖಾಲಿ ಟೇಬಲ್ಲಿಗೆ ಕಾಯಬೇಡಿ, ಎದುರು ಕುರ್ಚಿ ಖಾಲಿಯಿದ್ದರೆ "ಕೂರ್ಲಾ?" ಅಂದು ಕೂತುಬಿಡಿ. ಎದುರಿಗೆ ಕೂತವರು ಅಡಿಕೆ ಧಾರಣೆ ಕೇಳಿದರೆ ನಿಮಗೆ ತೋಟವಿಲ್ಲದಿದ್ದರೂ ಒಂದು ಮಾತಾಡಿ, 1923ರಲ್ಲಿ ಹುಟ್ಟಿದ ತೋಟಗಾರರ ಸೇಲ್ ಸೊಸೈಟಿಯ ಊರಿದು. ಬೆಳೆಗಾರರು ಮಾಲು ತಂದ ದಿನ ಹೋಟೆಲುಗಳ ತಿಂಡಿ ಬೇಗ ಮುಗಿಯುತ್ತದೆ. ಯಜಮಾನರನ್ನು ಭಟ್ರೇ, ಹೆಗಡೇರೇ, ಶೆಟ್ರೇ ಎಂದು ಅವರವರಿಗೆ ಸಲ್ಲುವಂತೆ ಕರೆಯುವುದು ವಾಡಿಕೆ. ಗೊತ್ತಿಲ್ಲದಿದ್ದರೆ "ಅಣ್ಣಾ" ಸಾಕು. ತಿಂದು ಮುಗಿದ ಮೇಲೆ ಕೂತು ಹರಟಬೇಡಿ, ಹಿಂದೆ ಯಾರೋ ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ.

ಸಂತೆಯ ದಿನ ನೋಡಿ ಹೋಗುವುದು ಉತ್ತಮ. ಶಿರಸಿಗೆ ಮಂಗಳವಾರ, ಸಿದ್ದಾಪುರಕ್ಕೆ ಬುಧವಾರ, ಯಲ್ಲಾಪುರಕ್ಕೆ ಭಾನುವಾರ. ಆ ದಿನ ಬಾಣಲೆ ಆರುವುದಿಲ್ಲ, ಹಿಂದಿನ ದಿನದ ಸರಕು ಕಪಾಟಿನಲ್ಲಿ ಉಳಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಈ ಕೈಪಿಡಿಯನ್ನು ಬದಿಗಿಡಿ. ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿರುವಷ್ಟು ದಿನ ಊರಿಗೆ ಬರುವ ಜನಕ್ಕೆ ಯಾವ ಅಡುಗೆಮನೆಯೂ ಸಾಲದು, ಸಿಕ್ಕಿದ್ದನ್ನು ತಿನ್ನಬೇಕು.

ಕೊನೆಗೆ ಒಂದು ಕೋರಿಕೆ. ಬರುವಾಗ ಮುಚ್ಚಳ ಬಿಗಿಯಾದ ಒಂದು ಸ್ಟೀಲ್ ಡಬ್ಬಿ ತನ್ನಿ. ಕುದಿಯುವ ಬಾಜಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಗಂಟು ಹಾಕಿಸುವ ಬದಲು ಅದರಲ್ಲಿ ಹಾಕಿಸಿಕೊಳ್ಳಿ. ಡಬ್ಬಿ ಚಾಚಿದವರಿಗೆ ಬಡಿಸುವವರು ಅರ್ಧ ಸೌಟು ಹೆಚ್ಚೇ ಹಾಕುತ್ತಾರೆ.