ಬಿಳಿ ಗೆರೆಯ ಆಚೆ ಈಚೆ

ಕಾರ್ ರೇಸ್ ಎಂದರೆ ಗಂಡುಮಕ್ಕಳ ಹುಚ್ಚು ಎಂದು ಟಿವಿ ಮುಂದಿನಿಂದ ಎದ್ದುಹೋಗುವ ಗೆಳತಿಯರಿಗೆ ನಾನು ಒಂದು ಮಾತು ಹೇಳುವುದುಂಟು. ಕಾರು ನೋಡಬೇಡಿ, ತೀರ್ಪುಗಾರರನ್ನು ನೋಡಿ. ವರ್ಷಗಟ್ಟಲೆ ಪರೀಕ್ಷಾ ಕೊಠಡಿಯಲ್ಲಿ ಓಡಾಡಿದ ನನಗಂತೂ ಅವರ ಪಾಡು ಬಹಳ ಪರಿಚಿತ.

ಫಾರ್ಮುಲಾ ಒನ್‌ನಲ್ಲಿ ನಿಯಮವೇನೋ ಸರಳ. ರಸ್ತೆಯ ಎರಡೂ ಅಂಚಿಗೆ ಬಿಳಿ ಗೆರೆ. ನಾಲ್ಕೂ ಚಕ್ರ ಗೆರೆಯಾಚೆ ಹೋದರೆ ತಪ್ಪು, ಒಂದು ಚಕ್ರ ಗೆರೆಗೆ ತಾಗಿಕೊಂಡಿದ್ದರೂ ಸೈ. ನಮ್ಮ ಕಬಡ್ಡಿಗೆ ಹೋಲಿಸಿದರೆ ಉದಾರವೇ. ರೇಸಿನಲ್ಲಿ ಮೂರು ಸಲ ಕ್ಷಮೆ, ನಾಲ್ಕನೆಯದಕ್ಕೆ 5 ಸೆಕೆಂಡು ದಂಡ. ಇಷ್ಟಕ್ಕೆ ಜಗಳವೇಕೆ?

2021ರ ಬಹರೈನ್ ರೇಸ್ ನೋಡಿ. ನಾಲ್ಕನೆಯ ತಿರುವಿನಲ್ಲಿ ಗೆರೆ ದಾಟಿದರೆ ಅರ್ಹತಾ ಸುತ್ತಿನಲ್ಲಿ ಸಮಯವೇ ರದ್ದು. ಮರುದಿನ ರೇಸಿನಲ್ಲಿ ಅದೇ ಗೆರೆಗೆ ಕಾವಲಿಲ್ಲ. ಹ್ಯಾಮಿಲ್ಟನ್ ಹತ್ತಾರು ಸಲ ಆಚೆ ಹೋದರು, ನಡುವೆ ಎಚ್ಚರಿಕೆ ಬಂತು. ಕೊನೆಗೆ ಅದೇ ತಿರುವಿನಲ್ಲಿ ವರ್ಸ್ಟಾಪನ್ ಗೆರೆಯಾಚೆಯಿಂದ ಅವರನ್ನು ಹಿಂದೆ ಹಾಕಿದಾಗ ಜಾಗ ಬಿಟ್ಟುಕೊಡಬೇಕಾಯಿತು. ಗೆದ್ದವರು ಹ್ಯಾಮಿಲ್ಟನ್. ಹೊರಗಿನಿಂದ ಹಿಂದಿಕ್ಕುವುದು ಬೇರೆ, ಸುಮ್ಮನೆ ಅಗಲ ಹೋಗುವುದು ಬೇರೆ ಎಂಬ ವಿವರಣೆ ಕಾಗದದ ಮೇಲೆ ಸರಿಯೇ. ನೋಡುವವರ ಮನಸ್ಸಿಗೆ ಅದು ಇಳಿಯುವುದಿಲ್ಲ. ಹಿಂದೊಮ್ಮೆ ಒಂದು ಪರೀಕ್ಷೆಯಲ್ಲಿ ಎರಡು ಗಂಟೆ ಪಿಸುಮಾತಿಗೆ ಕಿವುಡಾಗಿದ್ದ ಮೇಲ್ವಿಚಾರಕರು ಕೊನೆಯ ಗಳಿಗೆಯಲ್ಲಿ ಒಬ್ಬ ಹುಡುಗಿಯ ಉತ್ತರಪತ್ರಿಕೆ ಕಸಿದರು. "ಎಲ್ಲರೂ ಮಾತಾಡಿದ್ರು, ನನ್ನೊಬ್ಬಳನ್ನೇ ಯಾಕೆ ಮಿಸ್?" ಎಂದಳು. ಅವಳು ಮಾತಾಡಿದ್ದು ನಿಜ. ಅವಳ ಪ್ರಶ್ನೆಯೂ ನಿಜ.

ಸಡಿಲ ಬಿಟ್ಟರೆ ಹೀಗೆ. ಬಿಗಿ ಹಿಡಿದರೆ? 2023ರ ಆಸ್ಟ್ರಿಯಾ ರೇಸಿನಲ್ಲಿ ಪರಿಶೀಲಿಸಬೇಕಾದ ಪ್ರಸಂಗಗಳು 1200ಕ್ಕೂ ಹೆಚ್ಚು! ಇದ್ದ ಕಣ್ಣುಗಳು ಸಾಲಲಿಲ್ಲ. ಬಹುಮಾನ ಹಂಚಿ ಮುಗಿದ ಮೇಲೆ ಆಸ್ಟನ್ ಮಾರ್ಟಿನ್ ತಂಡ ದೂರು ಕೊಟ್ಟು, ಗಂಟೆಗಳ ನಂತರ ಎಂಟು ಚಾಲಕರಿಗೆ ದಂಡ ಬಿತ್ತು. ನಾಲ್ಕನೆಯವರಾಗಿದ್ದ ಸೈನ್ಸ್ ಆರಕ್ಕಿಳಿದರು. ಅದರ ಹಿಂದಿನ ವರ್ಷ ಅಲ್ಲೇ ಪೆರೆಜ್ ಅವರ ಕಥೆ ಇನ್ನೂ ವಿಚಿತ್ರ. ಅರ್ಹತೆಯ ಎರಡನೆಯ ಹಂತದಲ್ಲಿ ಗೆರೆ ದಾಟಿದ್ದು ಮೂರನೆಯ ಹಂತ ಮುಗಿದ ಮೇಲೆ ತೀರ್ಮಾನವಾಗಿ, 4ರಿಂದ 13ಕ್ಕೆ ಬಿದ್ದರು. ಪಿಯುಸಿ ಬರೆದ ಮೇಲೆ ಎಸ್ಸೆಸ್ಸೆಲ್ಸಿ ಫೇಲು ಎಂದ ಹಾಗೆ.

ನನ್ನ ದೂರು ತೀರ್ಪುಗಾರರ ಮೇಲಲ್ಲ, ರಸ್ತೆ ಮಾಡಿದವರ ಮೇಲೆ. ಮೊದಲು ಅಂಚಿನಾಚೆ ಹುಲ್ಲೋ ಜಲ್ಲಿಯೋ ಇರುತ್ತಿತ್ತು. ಹೋದವನು ತಾನೇ ಹಿಂದೆ ಬೀಳುತ್ತಿದ್ದ. ಸುರಕ್ಷತೆಗೆಂದು ಅಲ್ಲಿಗೂ ಟಾರು ಹಾಸಿದರು. ಅದು ಜೀವ ಉಳಿಸುವ ಮಾತು, ಹಗುರಾಗಿ ತಳ್ಳುವಂತಿಲ್ಲ. ಆದರೆ ಆಚೆ ಹೋದವನಿಗೆ ಅಲ್ಲಿ ವೇಗವೇ ಸಿಕ್ಕರೆ, ಹೋಗಬೇಡ ಎನ್ನಲು ಬಣ್ಣದ ಗೆರೆಯೊಂದೇ ಉಳಿಯಿತು. ಮೊನಾಕೊದಲ್ಲಿ ಬೇಲಿಯೇ ಅಂಚು, ಈ ತಕರಾರೇ ಇಲ್ಲ.

2024ಕ್ಕೆ ಆಸ್ಟ್ರಿಯಾದವರು ಕೊನೆಯ ಎರಡು ತಿರುವುಗಳ ಅಂಚಿಗೆ ಜಲ್ಲಿಯ ಪಟ್ಟಿ ಹಾಕಿದರು. ತಪ್ಪುಗಳು ಬಹಳ ಇಳಿದವು. ಚಾಂಪಿಯನ್ನನಿಗೂ ಹೊಸಬನಿಗೂ ಜಲ್ಲಿ ಒಂದೇ, ಆ ಗಳಿಗೆಯಲ್ಲೇ. ಹಾಗಂತ ಗೆರೆಯ ಜಗಳ ಪೂರ್ತಿ ತೀರಲಿಲ್ಲ; ಅದೇ ರೇಸಿನಲ್ಲಿ ವರ್ಸ್ಟಾಪನ್ನರ ಬೆನ್ನು ಹತ್ತಿದ್ದ ನಾರಿಸ್‌ಗೆ ಗೆರೆ ದಾಟಿದ್ದಕ್ಕೆ 5 ಸೆಕೆಂಡು ಬಿತ್ತು.