ಚಾವಣಿಯ ಡಿಶ್ಶೋ, ಬೀದಿಯ ಕೇಬಲ್ಲೋ?

ದಿನಪತ್ರಿಕೆಯೊಳಗಿಟ್ಟ ಬಣ್ಣದ ಕರಪತ್ರವೊಂದು ಈಚೆಗೆ ನಮ್ಮ ಮನೆಗೆ ಬಂದಿತ್ತು. ಕೇಬಲ್ ಬಿಟ್ಟು ಡಿಶ್ ಹಾಕಿಸಿದರೆ ಬಾಹ್ಯಾಕಾಶದಿಂದ ನೇರವಾಗಿ ಶುದ್ಧ ಡಿಜಿಟಲ್ ಚಿತ್ರ ಸಿಗುತ್ತದೆ ಎಂಬುದು ಅದರ ಸಾರ. ಕೇಬಲ್‌ನವರನ್ನು ಕೇಳಿದರೆ, ಮಳೆ ಬಂತೆಂದರೆ ಡಿಶ್ ಕೆಲಸಕ್ಕೆ ಬಾರದು ಎನ್ನುತ್ತಾರೆ. ಈ ಎರಡು ಮಾತುಗಳನ್ನು ಸ್ವಲ್ಪ ಪರಿಶೀಲಿಸೋಣ.

ಕೇಬಲ್ ವಾಹಿನಿಗಳೂ ಬಹುಮಟ್ಟಿಗೆ ಉಪಗ್ರಹದಿಂದಲೇ ಬರುತ್ತವೆ. ಕೇಬಲ್ ಸಂಸ್ಥೆಯ ಕೇಂದ್ರದಲ್ಲಿರುವ ದೊಡ್ಡ ಡಿಶ್‌ಗಳು ಅವನ್ನು ಹಿಡಿಯುತ್ತವೆ. ಅಲ್ಲಿಂದ ದ್ಯುತಿತಂತು ಮತ್ತು ತಾಮ್ರದ ಕೇಬಲ್ ಮೂಲಕ ನಿಮ್ಮ ಮನೆ ತಲಪುತ್ತವೆ. ಡಿಜಿಟಲ್ ಎಂಬ ಹೆಗ್ಗಳಿಕೆಯೂ ಹಳೆಯದು. ಕೇಬಲ್ಲು 2012ರಿಂದ 2017ರವರೆಗೆ ಹಂತಹಂತವಾಗಿ ಡಿಜಿಟಲ್ ಆಯಿತು. ಬೆಂಗಳೂರು, ಮೈಸೂರುಗಳ ಸರದಿ 2013ರಲ್ಲೇ ಬಂದಿತ್ತು.

ಚಿತ್ರದ ಸ್ಪಷ್ಟತೆ ಮುಖ್ಯವಾಗಿ ಒಂದೊಂದು ವಾಹಿನಿಗೆ ಸೆಕೆಂಡಿಗೆ ಎಷ್ಟು ಬಿಟ್ ಕೊಟ್ಟಿದ್ದಾರೆ ಎಂಬುದನ್ನು ಅವಲಂಬಿಸಿದೆ. ಈ ಸಂಖ್ಯೆ ಯಾವ ಕರಪತ್ರದಲ್ಲೂ ಇರುವುದಿಲ್ಲ! ನೀವೇ ಪರೀಕ್ಷಿಸಿ. ಪಕ್ಕದ ಮನೆಯಲ್ಲಿ ವಾರ್ತೆ ಓದುವವರ ಮುಖ ನೋಡಿ ತೀರ್ಮಾನಿಸಬೇಡಿ, ಕ್ರಿಕೆಟ್ ನೋಡಿ. ಚೆಂಡಿನ ಹಿಂದೆ ಕ್ಯಾಮೆರಾ ಓಡುವಾಗ ಹುಲ್ಲು ಚೌಕಚೌಕವಾಗಿ ಒಡೆದರೆ ಬಿಟ್‌ಗಳಲ್ಲಿ ಜಿಪುಣತನ ಮಾಡಿದ್ದಾರೆಂದೇ ಅರ್ಥ.

ಇನ್ನು ಮಳೆಯ ವಿಚಾರ. ಮನೆಯ ಡಿಶ್‌ಗೆ ಬರುವ ಅಲೆಗಳ ಆವೃತ್ತಿ ಸುಮಾರು 11–12 ಗಿಗಾಹರ್ಟ್ಸ್, ತರಂಗದೂರ ಸುಮಾರು 2.5 ಸೆಂ.ಮೀ. ಕೇಬಲ್ ಕೇಂದ್ರಗಳು ಹೆಚ್ಚಾಗಿ ಬಳಸುವುದು 4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು. ಅವುಗಳ ತರಂಗದೂರ ಸುಮಾರು 7.5 ಸೆಂ.ಮೀ. ತರಂಗದೂರ ಕಿರಿದಾದಷ್ಟೂ ಮಳೆಹನಿಗಳು ಅಲೆಯನ್ನು ಹೆಚ್ಚು ಹೀರಿ ಚದರಿಸುತ್ತವೆ. ಹೀಗಾಗಿ ಕೇಬಲ್‌ನವರ ಮಾತಿನಲ್ಲಿ ಹುರುಳಿದೆ. ಆದರೆ ದಿನವಿಡೀ ಹಿಡಿದ ಜಿಟಿಜಿಟಿ ಮಳೆ ಸಾಮಾನ್ಯವಾಗಿ ಚಿತ್ರವನ್ನು ಕೆಡಿಸದು. ಕೆಡಿಸುವುದು ಗುಡುಗು ಸಹಿತ ದಪ್ಪ ಹನಿಯ ಬಿರುಮಳೆ. ಅದರ ಜೋರು ಇಳಿದೊಡನೆ ಚಿತ್ರ ಮರಳುತ್ತದೆ. ಹಳೆಯ ಅನಲಾಗ್ ಚಿತ್ರ ಮೆಲ್ಲಮೆಲ್ಲಗೆ ಮಸುಕಾಗುತ್ತಿತ್ತು. ಡಿಜಿಟಲ್ ಹಾಗಲ್ಲ, ಸಂಕೇತ ಒಂದು ಮಟ್ಟಕ್ಕಿಂತ ಇಳಿದರೆ ಚಿತ್ರ ಒಮ್ಮೆಲೇ ಮಾಯ.

ಕೇಬಲ್‌ಗೂ ಒಂದು ದೌರ್ಬಲ್ಯವಿದೆ. ಬೀದಿಯ ವರ್ಧಕಗಳಿಗೆ ವಿದ್ಯುತ್ ಬೇಕು. ಅಲ್ಲಿ ಬ್ಯಾಟರಿ ಇಲ್ಲದಿದ್ದರೆ, ಮನೆಯಲ್ಲಿ ಇನ್ವರ್ಟರ್ ಇದ್ದೂ ನೀವು ಖಾಲಿ ಪರದೆ ನೋಡಬೇಕು. ಮಲೆನಾಡಿನ ಒಂಟಿ ಮನೆಗಳಿಗಂತೂ ಕೇಬಲ್ ಎಳೆಯುವವರೇ ಅಪರೂಪ. ಅಲ್ಲಿ ಈ ಚರ್ಚೆಯೇ ಏಳದು.

ವಾಹಿನಿವಾರು ಬೆಲೆ ಕುರಿತು 2019ರಲ್ಲಿ ಜಾರಿಯಾದ ಟ್ರಾಯ್ ನಿಯಮ ಎರಡಕ್ಕೂ ಅನ್ವಯಿಸುತ್ತದೆ. ಎರಡು ಕಡೆಯವರೂ ಬಾಯಿಬಿಡದ ಮೂರನೆಯ ದಾರಿಯೊಂದಿದೆ: 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸೇವೆ. ಉಪಕರಣ ಕೊಂಡರಾಯಿತು, ತಿಂಗಳ ಶುಲ್ಕವಿಲ್ಲ. ವಾಹಿನಿಗಳು ಕಡಿಮೆ, ನಿಜ. ಆದರೆ ನೀವು ದಿನಾ ನೋಡುವುದು ಎಷ್ಟನ್ನು?

ಈ ಸೇವೆಯ ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಬೆಂಗಳೂರಿನಿಂದ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿದೆ. ಆ ದಿಕ್ಕಿನಲ್ಲಿ ಆಕಾಶ ತೆರೆದಿರಬೇಕು. ವಾಯವ್ಯಕ್ಕೆ ಮಾತ್ರ ಬಾಲ್ಕನಿ ಇರುವ ಫ್ಲ್ಯಾಟಿನವರು ಚಾವಣಿ ಹತ್ತಲೇಬೇಕು. ಪಕ್ಕದಲ್ಲಿ ತೆಂಗಿನ ಮರವಿದ್ದರೆ ಮುಂದೆ ಎಷ್ಟು ಬೆಳೆದೀತೆಂದೂ ಅಂದಾಜು ಮಾಡಿ. ನಾನು ಮಾಡಿರಲಿಲ್ಲ. ಮೂರನೆಯ ವರ್ಷ ಡಿಶ್ಶನ್ನು ಕಿತ್ತು ನೀರಿನ ತೊಟ್ಟಿಯ ಪಕ್ಕಕ್ಕೆ ಸಾಗಿಸಬೇಕಾಯಿತು.