ಕಾತ್ಯಾಯನಿಗೆ ಶಿಕ್ಷೆ ಕೊಟ್ಟವರು ಯಾರು?

ನಮ್ಮ ಮನೆಗಳಲ್ಲಿ ಕೈಯಿಂದ ಕೈಗೆ ಹೋಗಿ, ರಟ್ಟು ಕಿತ್ತುಹೋಗುವವರೆಗೆ ಓದಿಸಿಕೊಂಡ ಕಾದಂಬರಿಗಳನ್ನು ನೆನೆದುಕೊಂಡರೆ ಅವುಗಳಲ್ಲಿ ಹಲವು ಒಂದೇ ಜಾತಿಯವು ಎಂಬುದು ಕಾಣುತ್ತದೆ. ಆಚಾರವಂತರ ಒಂದು ಮನೆತನ, ಅದರಲ್ಲೊಬ್ಬಳು ಹೆಣ್ಣುಮಗಳು, ಅವಳ ಮನಸ್ಸು ಒಪ್ಪಿದ, ಆದರೆ ಮನೆಯ ಧರ್ಮ ಒಪ್ಪದ ಒಬ್ಬ ಗಂಡಸು. ಅಲ್ಲಿಂದ ಮುಂದೆ ಧರ್ಮಕ್ಕೂ ಪ್ರೇಮಕ್ಕೂ ವ್ಯಾಜ್ಯ. ಇಂಥವನ್ನು ಕಂಡೊಡನೆ ಮೂಗು ಮುರಿಯುವ ವಿಮರ್ಶಕರ ಗುಂಪಿಗೆ ನಾನು ಸೇರಿದವನಲ್ಲ. ಇಂಥ ಪುಸ್ತಕಗಳನ್ನು ಓದಿಯೇ ನಾನು ಓದುಗನಾದೆ. ನನ್ನ ತಕರಾರು ಬೇರೆ. ವ್ಯಾಜ್ಯ ನಡೆಯಲಿ, ಆದರೆ ಅದರ ತೀರ್ಪನ್ನು ಯಾರು ಕೊಡಬೇಕು? ಪಾತ್ರಗಳ ಬಾಳೇ ಕೊಡಬೇಕೋ, ಇಲ್ಲ ಕಾದಂಬರಿಕಾರನು ವಿಧಿಯ ವೇಷ ಹಾಕಿಕೊಂಡು ಬಂದು ಕೊಡಬಹುದೋ?

ಕನ್ನಡದಲ್ಲಿ ಈ ವೇಷ ಹಳೆಯದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಹೊರಬಂದಿತು. ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ಹೆಸರಿನಲ್ಲೇ ತೀರ್ಪು ಇದೆ. ಎಳೆಯ ವಯಸ್ಸಿನ ವಿಧವೆ ಇಂದಿರೆ ಓದು ಕಲಿತು ಮರುಮದುವೆಯಾಗಿ ಸುಖವಾಗಿರುತ್ತಾಳೆ. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನಿನ ಒಪ್ಪಿಗೆ ದೊರೆತಿದ್ದರೂ ಸಮಾಜ ಒಪ್ಪದಿದ್ದ ಕಾಲದಲ್ಲಿ ವೆಂಕಟರಾಯರು ತೋರಿದ ಧೈರ್ಯ ಸಾಮಾನ್ಯವಾದುದಲ್ಲ. ಆದರೂ ಒಳ್ಳೆಯವರಿಗೆ ಒಳ್ಳೆಯದಾಗುವಂತೆ ಕಥೆಯನ್ನು ನಡೆಸಿದ ಕೈ ನಮಗೆ ಚೆನ್ನಾಗಿ ಕಾಣುತ್ತದೆ.

ಅರವತ್ತಾರು ವರ್ಷಗಳ ಅನಂತರ, 1965ರಲ್ಲಿ, ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಬಂದಿತು. ಅಲ್ಲಿಯೂ ಒಬ್ಬ ವಿಧವೆ, ಅಲ್ಲಿಯೂ ಮರುಮದುವೆ. ಫಲ ಮಾತ್ರ ತಿರುಗುಮುರುಗು.

ಕಥೆ ಬಹುಮಂದಿಗೆ ತಿಳಿದದ್ದೇ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ಕಪಿಲೆಯ ಪಾಲಾಗುತ್ತಾನೆ. ಸೊಸೆ ಕಾತ್ಯಾಯನಿ, ಕೈಗೂಸು ಚೀನಿ ಉಳಿಯುತ್ತಾರೆ. ಸೊಸೆ ಓದಬೇಕೆಂದಾಗ ಮಾವನವರು ಬೇಡವೆನ್ನುವುದಿಲ್ಲ. ಮೈಸೂರಿನ ಕಾಲೇಜಿನಲ್ಲಿ ರಾಜಾರಾಯನ ಪರಿಚಯ, ಪ್ರೀತಿ, ಮದುವೆ. ಮಗುವನ್ನು ಕರೆದೊಯ್ಯಲೆಂದು ಬಂದ ಆಕೆಯನ್ನು ಶ್ರೋತ್ರಿಗಳು ಬಯ್ಯುವುದಿಲ್ಲ. ಮಗು ವಂಶಕ್ಕೆ ಸೇರಿದ್ದೆಂಬ ಮಾತನ್ನು ಮಾತ್ರ ಮುಂದಿಡುತ್ತಾರೆ. ಕಾತ್ಯಾಯನಿ ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಈ ಸನ್ನಿವೇಶವನ್ನು ಎಷ್ಟು ಸಲ ಓದಿದರೂ ನನ್ನ ಗಂಟಲು ಕಟ್ಟುತ್ತದೆ. ಇಲ್ಲಿ ಕೆಟ್ಟವರಿಲ್ಲ. ಇಬ್ಬರ ಪಕ್ಷದಲ್ಲಿಯೂ ನ್ಯಾಯವುಂಟು. ಆದ್ದರಿಂದಲೇ ದುಃಖ ದೊಡ್ಡದು.

ಆಮೇಲೆ ಆಕೆಗೆ ಮೂರು ಸಲ ಗರ್ಭಪಾತವಾಗುತ್ತದೆ. ಹೆತ್ತ ಮಗನೇ ಬೆಳೆದು ಆಕೆಯನ್ನು ತಾಯಿಯೆಂದು ಒಪ್ಪುವುದಿಲ್ಲ. ಆಕೆ ಕೊರಗಿ ಕೊರಗಿ ಸಾಯುತ್ತಾಳೆ.

ಈ ಭಾಗವನ್ನು ನಾನು ಹಲವು ವರ್ಷ ಒಂದೇ ಬಗೆಯಾಗಿ ಪಾಠ ಮಾಡುತ್ತಿದ್ದೆ. ಇದು ದೈವದಂಡನೆಯಲ್ಲ, ಆಕೆಯ ಅಂತಃಕರಣದ ದಂಡನೆ. ಬಿಟ್ಟುಬಂದ ಮಗುವಿನ ನೆನಪೇ ಹೊಸ ಮಗುವನ್ನು ನಿಲ್ಲಗೊಡಲಿಲ್ಲ ಎಂದು ವಿವರಿಸುತ್ತಿದ್ದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಭಾಗೀರತಮ್ಮನೂ ಹೆರಿಗೆಯಲ್ಲಿ ಸಾಯೋ ಹಾಗಾಗಿದ್ದರಲ್ಲ, ಅದನ್ನು ಯಾಕೆ ಯಾರೂ ಪಾಪ ಅನ್ನಲಿಲ್ಲ?” ಎಂದು ಕೇಳಿದಳು. ಏನೋ ಒಂದು ಹೇಳಿ ಮುಂದಿನ ಪುಟಕ್ಕೆ ಹೋದೆ. ಮನೆಗೆ ಬಂದು ಪುಸ್ತಕ ತೆರೆದು ಕುಳಿತಾಗ ನನಗೆ ನಾಚಿಕೆಯಾಯಿತು. ಅಷ್ಟು ವರ್ಷ ಕಣ್ಣೆದುರಿಗಿದ್ದದ್ದನ್ನು ನಾನು ನೋಡಿರಲೇ ಇಲ್ಲ.

ಭಾಗೀರತಮ್ಮ ಶ್ರೋತ್ರಿಗಳ ಪತ್ನಿ. ಮಗನನ್ನು ಹೆರುವಾಗ ಆಕೆಯ ಜೀವಕ್ಕೇ ಸಂಚಕಾರ ಬಂದಿತ್ತು. ಇನ್ನೊಂದು ಸಲ ಬಸಿರಾದರೆ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದರು. ಕಾದಂಬರಿಯಲ್ಲಿ ಅದು ಮೈಯ ಸಂಗತಿಯಾಗಿಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಶ್ರೋತ್ರಿಗಳ ಹಿರಿಮೆಗೆ ಅದು ಅವಕಾಶವಾಗುತ್ತದೆ: ಹೆಂಡತಿಯೇ ಮನೆಯ ಕೆಲಸದ ಲಕ್ಷ್ಮಿಯನ್ನು ಮುಂದೆ ತಂದಾಗಲೂ ಅವರು ಮನಸ್ಸನ್ನು ಬಿಗಿಹಿಡಿದು ಸಂಯಮದಲ್ಲಿ ಗೆಲ್ಲುತ್ತಾರೆ. ಒಬ್ಬ ಹೆಂಗಸಿನ ಗರ್ಭದ ಸಂಕಟ ಗಂಡನ ತಪಸ್ಸಿಗೆ ಸಾಧನವಾಯಿತು. ಇನ್ನೊಬ್ಬಳದು ಅವಳ ಮೇಲಿನ ಆರೋಪಪಟ್ಟಿಯಾಯಿತು. ಎರಡನ್ನೂ ಬರೆದ ಲೇಖನಿ ಒಂದೇ. ಗರ್ಭ ನಿಲ್ಲದಿರುವುದಕ್ಕೆ ಮೈಯಲ್ಲಿ ಎಷ್ಟು ಕಾರಣಗಳಿರುತ್ತವೆಂಬುದನ್ನು ಇಂದು ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಆದರೂ ಮರುಮದುವೆಯಾದವಳೆಂದೊಡನೆ ನಾವು ವೈದ್ಯರನ್ನು ಬಿಟ್ಟು ಕರ್ಮವನ್ನು ಕರೆದುಬಿಟ್ಟೆವು. ನಾವು ಎಂದಾಗ ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಕಾತ್ಯಾಯನಿಗೆ ಹಾಗೆ ಅನ್ನಿಸಿತು ಎಂಬುದು ನಿಜವಿರಬಹುದು, ಅದನ್ನು ಚಿತ್ರಿಸುವ ಹಕ್ಕು ಕಾದಂಬರಿಕಾರರಿಗೆ ಪೂರ್ತಿಯಾಗಿ ಇದೆ. ಆದರೆ ಅನ್ನಿಸುವುದು ಬೇರೆ, ಆಗುವುದು ಬೇರೆ. ಆಕೆಗೆ ಅನ್ನಿಸಿದ್ದನ್ನೆಲ್ಲ ಘಟನೆಗಳು ಬಂದು ಹೌದು ಹೌದೆಂದು ಮೂರು ಸಲ ಮೊಹರು ಒತ್ತಿದರೆ ಅಲ್ಲಿ ಮಾತನಾಡುತ್ತಿರುವವಳು ಕಾತ್ಯಾಯನಿಯಲ್ಲ.

ಹಾಗೆಂದು ‘ವಂಶವೃಕ್ಷ’ವನ್ನು ಪ್ರತಿಗಾಮಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆಗೂ ನಾನು ಹೋಗಲಾರೆ. ಅವರು ಪುಸ್ತಕದ ಕೊನೆಯನ್ನು ಓದಿಲ್ಲ, ಅಥವಾ ಓದಿ ಮರೆತಿದ್ದಾರೆ. ಯಾವ ವಂಶಕ್ಕಾಗಿ ತಾಯಿಯಿಂದ ಮಗುವನ್ನು ಉಳಿಸಿಕೊಂಡರೋ ಆ ವಂಶಕ್ಕೆ ತಾವೇ ಹುಟ್ಟಿದವರಲ್ಲವೆಂಬುದು ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ಆಸ್ತಿ ದಾಯಾದಿಗೆ ಹೋಗಬಾರದೆಂಬ ಹಟದಿಂದ ಅವರ ತಂದೆಯೆನಿಸಿಕೊಂಡವರು ನಡೆಸಿದ ವ್ಯವಹಾರದ ಫಲ ಅವರು. ಶ್ರೋತ್ರಿಗಳು ಅದನ್ನು ಮುಚ್ಚಿಡುವುದಿಲ್ಲ. ತಮ್ಮದಲ್ಲದ ಆಸ್ತಿಯನ್ನು ಬಿಟ್ಟು ಮನೆಯಿಂದ ಹೊರಡುತ್ತಾರೆ. ಆಚಾರವೇ ಉಸಿರಾಗಿದ್ದ ಮುದುಕ ತನ್ನ ಬುಡವೇ ಹುಸಿಯೆಂದು ತಿಳಿದೂ ಸತ್ಯವನ್ನು ಬಿಡದೆ ನಿಲ್ಲುವ ಆ ಪುಟಗಳಿಗೆ ಸಮನಾದುದು ಕನ್ನಡದಲ್ಲಿ ಹೆಚ್ಚಿಲ್ಲ. ಪ್ರೀತಿಸಿದವಳಿಗಾಗಿ ಮತ ಬಿಟ್ಟ ಸತ್ಯನ ಕಥೆಯಾದ ‘ಧರ್ಮಶ್ರೀ’ಯಲ್ಲಿ (1961) ನನಗೆ ವಾದ ಕೇಳಿಸುತ್ತದೆ, ಮನುಷ್ಯ ಕಾಣುವುದಿಲ್ಲ. ಶ್ರೋತ್ರಿಗಳಲ್ಲಿ ಮನುಷ್ಯ ಕಾಣುತ್ತಾನೆ. ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಭೈರಪ್ಪನವರು ತಾವು ಗೌರವಿಸುವ ಧರ್ಮವನ್ನೇ ಇಲ್ಲಿ ಒರೆಗೆ ಹಚ್ಚಿದ್ದಾರೆ.

ಅದೇ 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಾಣೇಶಾಚಾರ್ಯರನ್ನು ಊರಿನ ದಾರಿಯಲ್ಲೇ ಬಿಟ್ಟು ಮುಗಿಯುತ್ತದೆ. ಆಚಾರ್ಯರಿಗೆ ಏನಾಯಿತೆಂದು ಓದುಗರು ಅಂದಿನಿಂದಲೂ ಜಗಳವಾಡುತ್ತಿದ್ದೇವೆ. ಶ್ರೋತ್ರಿಗಳಿಗೂ ಭೈರಪ್ಪನವರು ಅಂಥದೇ ತೆರೆದ ದಾರಿಯನ್ನು ಕೊಟ್ಟರು. ಕಾತ್ಯಾಯನಿಗೆ ಕೊಡಲಿಲ್ಲ.

ನನ್ನನ್ನು ಕಾಡುವುದು ಇದೇ. ಮರವೇ ಹುಸಿಯೆಂದಾದ ಮೇಲೆ ಮರಕ್ಕೆ ದ್ರೋಹ ಬಗೆದಳೆಂಬ ಆರೋಪವೂ ಬಿದ್ದುಹೋಗಬೇಕಲ್ಲವೆ? ಕಾದಂಬರಿಕಾರರಿಗೆ ಇದು ಹೊಳೆದಿಲ್ಲವೆಂದು ನಾನು ನಂಬಲಾರೆ. ಹೊಳೆದದ್ದರಿಂದಲೇ ಹೊರಟುನಿಂತ ಶ್ರೋತ್ರಿಗಳನ್ನು ಆಕೆಯ ಬಳಿಗೆ ಕರೆತರುತ್ತಾರೆ. ಆದರೆ ಶ್ರೋತ್ರಿಗಳು ಬರುವ ಹೊತ್ತಿಗೆ ಆಕೆ ಮರಣಶಯ್ಯೆಯಲ್ಲಿದ್ದಾಳೆ. ತಿಳಿದದ್ದನ್ನು ಹೊತ್ತು ನಡೆದುಹೋಗಲು ಮಾವನಿಗೆ ಇನ್ನೂ ಕಾಲವಿದೆ, ಕಾಲಿನಲ್ಲಿ ಬಲವಿದೆ. ಸೊಸೆಗೆ ಎದ್ದು ಕುಳಿತು ಒಂದು ಪ್ರಶ್ನೆ ಕೇಳುವಷ್ಟೂ ಇಲ್ಲ. ಆಕೆ ಬದುಕಿದ್ದು ಕೇಳಿದ್ದರೆ ಆ ಮುದುಕರು ಏನು ಹೇಳುತ್ತಿದ್ದರು? ಬರೆಯದೆ ಉಳಿದ ಆ ಒಂದು ಸಂಭಾಷಣೆಗಾಗಿ ಕಾದಂಬರಿಯ ನೂರು ಪುಟಗಳನ್ನು ಬಿಟ್ಟುಕೊಡಲು ನಾನು ಸಿದ್ಧ.

2025ರಲ್ಲಿ ಭೈರಪ್ಪನವರು ತೀರಿಕೊಂಡಾಗ ಮತ್ತೊಮ್ಮೆ ಪುಸ್ತಕವನ್ನು ಮೊದಲಿನಿಂದ ಓದಿದೆ. ಗೌರವವೂ ತಕರಾರೂ ಎರಡೂ ಹಾಗೆಯೇ ಉಳಿದಿವೆ. ತರಗತಿಯಲ್ಲಿ ಮಾತ್ರ ಪಾಠದ ಕ್ರಮವನ್ನು ಬದಲಿಸಿದ್ದೇನೆ: ಕಾತ್ಯಾಯನಿಯ ಅಧ್ಯಾಯಗಳಿಗೆ ಬರುವ ಮೊದಲು ಭಾಗೀರತಮ್ಮನ ಹೆರಿಗೆಯ ಪುಟಗಳನ್ನು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುತ್ತೇನೆ.